ಡೊನಾಲ್ಡ್ ಡ್ಯೂಅರ್ ಮೇಲೆ ಭಿತ್ತಿಪತ್ರಿಕೆಗೆ ಲೇಖನ: ಕರಡು ನೋಡಿ ತಪ್ಪು ಹೇಳಿ

ಅಳ್ವೇಕೋಡಿ:

ಕುಮಟೆಯ ಕಾಲೇಜೊಂದರ ರಾಜ್ಯಶಾಸ್ತ್ರದ ಭಿತ್ತಿಪತ್ರಿಕೆಗೆ ಈ ಸಲದ ವಿಷಯ ಅಧಿಕಾರ ವಿಕೇಂದ್ರೀಕರಣ. ರಾಮಕೃಷ್ಣ ಹೆಗಡೆಯವರ ಮೇಲಿನ ಬರಹ ತಯಾರಾಗಿದೆ. ಅದರ ಪಕ್ಕಕ್ಕೆ, ಬ್ರಿಟನ್ನಿನ ಭಾಗವಾದ ಸ್ಕಾಟ್ಲೆಂಡಿಗೆ 1999ರಲ್ಲಿ ಸ್ವಂತ ಸಂಸತ್ತು ಬಂದಾಗ ಅಲ್ಲಿನ ಮೊದಲ ಸರ್ಕಾರ ನಡೆಸಿದ ಡೊನಾಲ್ಡ್ ಡ್ಯೂಅರ್ ಮೇಲೆ ಎರಡು ಹಾಳೆಯಷ್ಟು ಬೇಕು. ಕರಡಿನಲ್ಲಿ ಅನುಮಾನ ಇರುವ ವಾಕ್ಯಗಳನ್ನು ಇಲ್ಲಿ ಹಾಕಿದ್ದೇನೆ.

"1999ರಲ್ಲಿ ಜನ ಅವರನ್ನು ಸ್ಕಾಟ್ಲೆಂಡಿನ ಪ್ರಧಾನಿಯಾಗಿ ಆರಿಸಿದರು. ಅದಕ್ಕಾಗಿ ಅವರು ಲಂಡನ್ನಿನ ಸಂಸತ್ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟರು."

"1979ರ ಜನಮತಗಣನೆಯಲ್ಲಿ ಸ್ಕಾಟ್ಲೆಂಡಿನ ಜನ ಸ್ವಂತ ಶಾಸನಸಭೆ ಬೇಡ ಎಂದರು."

"73 ಕ್ಷೇತ್ರಗಳಲ್ಲಿ 53 ಗೆದ್ದರೂ ಡ್ಯೂಅರ್ ಉದಾರತೆಯಿಂದ ಬೇರೆ ಪಕ್ಷವನ್ನು ಸರ್ಕಾರಕ್ಕೆ ಸೇರಿಸಿಕೊಂಡರು."

"40 ಮಿಲಿಯನ್ ಪೌಂಡಿನ ಸಂಸತ್ ಭವನ 414 ಮಿಲಿಯನ್ನಿಗೆ ಏರಿದ್ದಕ್ಕೆ ಡ್ಯೂಅರ್ ಕಾರಣ."

"ಗೇಣಿ ಪದ್ಧತಿ ರದ್ದು ಮಾಡಿ, ಹೃದಯಾಘಾತದಿಂದ ತೀರಿಕೊಂಡರು."

ಶೀರ್ಷಿಕೆ "ಸ್ಕಾಟ್ಲೆಂಡಿನ ರಾಮಕೃಷ್ಣ ಹೆಗಡೆ" ಎಂದು ಇಟ್ಟಿದ್ದೇವೆ. ಸರಿ ಹೋಗುತ್ತದೆಯೇ?

---

ಹುಲೇಕಲ್:

ಅಳ್ವೇಕೋಡಿಯವರೇ, ಐದು ವಾಕ್ಯದಲ್ಲಿ ಒಂದೂ ಹಾಗೇ ಬಿಡುವಂತಿಲ್ಲ ಮಾರಾಯ್ರೆ. ಮೊದಲು ಹುದ್ದೆಗಳನ್ನು ಸರಿ ಮಾಡಿಕೊಳ್ಳಿ, ಅರ್ಧ ಗೊಂದಲ ಅಲ್ಲೇ ಇದೆ.

ಹೆಸರು ಡ್ಯೂಅರ್. "ದೇವರ್" ಎಂದು ಬರೆದ ಪ್ರತಿಗಳನ್ನು ನೋಡಿದ್ದೇವೆ, ಕನ್ನಡದಲ್ಲಿ ಅದು ಬೇರೆ ಯಾರೋ ಆಗುತ್ತದೆ. ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋ, ಕೊನೆಗೆ "ಬರ್ಗ್" ಬೇಡ. ವಿಶ್ವವಿದ್ಯಾಲಯದ ಗೆಳೆಯರಲ್ಲಿ ಮೆನ್ಜೀಸ್ ಕ್ಯಾಂಬೆಲ್ ಹೆಸರು ಬರುವುದಾದರೆ ಅಲ್ಲಿಯವರ ಬಾಯಲ್ಲಿ ಅದು "ಮಿಂಗಿಸ್".

ಅವರು ಪ್ರಧಾನಿ ಅಲ್ಲ. ಹುದ್ದೆಯ ಹೆಸರು ಫಸ್ಟ್ ಮಿನಿಸ್ಟರ್. ಅದೇ ಕಾಲಕ್ಕೆ ಬ್ರಿಟನ್ನಿನ ಪ್ರಧಾನಿ ಟೋನಿ ಬ್ಲೇರ್. ಕನ್ನಡದಲ್ಲಿ "ಪ್ರಥಮ ಮಂತ್ರಿ" ಎಂದು ಬರೆದರೆ ಓದುವವರು ಮತ್ತೆ ಪ್ರಧಾನಿ ಎಂದೇ ತಿಳಿಯುತ್ತಾರೆ. ಒಮ್ಮೆ "ಫಸ್ಟ್ ಮಿನಿಸ್ಟರ್, ಅಂದರೆ ನಮ್ಮ ಮುಖ್ಯಮಂತ್ರಿಗೆ ಸಮೀಪದ ಹುದ್ದೆ" ಎಂದು ಬಿಡಿಸಿ ಹೇಳಿ, ಮುಂದೆ ಫಸ್ಟ್ ಮಿನಿಸ್ಟರ್ ಎಂದೇ ಬರೆಯುತ್ತಾ ಹೋಗಿ.

"ಜನ ಆರಿಸಿದರು" ಎಂಬುದೂ ಸರಿಯಲ್ಲ. ಜನ ಆರಿಸಿದ್ದು ಸದಸ್ಯರನ್ನು. ಆ ಸದಸ್ಯರು ಸದನದೊಳಗೇ ಮತ ಹಾಕಿ ಒಬ್ಬರ ಹೆಸರನ್ನು ಸೂಚಿಸಬೇಕು; ಚುನಾವಣೆಯಾಗಿ 28 ದಿನದೊಳಗೆ ಅದು ಮುಗಿಯಬೇಕು; ಸಭಾಧ್ಯಕ್ಷರು ಆ ಹೆಸರನ್ನು ಬ್ರಿಟನ್ನಿನ ದೊರೆಗೆ (ಆಗ ರಾಣಿ) ಕಳಿಸಬೇಕು. ನಮ್ಮಲ್ಲಿ ರಾಜ್ಯಪಾಲರು ಮೊದಲು ಕರೆದು ಪ್ರಮಾಣವಚನ ಕೊಟ್ಟು, ಬಹುಮತ ಸಾಬೀತು ಮಾಡಿ ಎನ್ನುತ್ತಾರೆ. ಅಲ್ಲಿ ಕ್ರಮ ತಿರುಗುಮುರುಗು. 1999ರ ಮೇ 13ರಂದು ಲೇಬರ್ ಪಕ್ಷದ ಡ್ಯೂಅರ್ ಅವರಿಗೆ 71 ಮತ, ಎಸ್‌ಎನ್‌ಪಿಯ (ಸ್ಕಾಟ್ಲೆಂಡ್ ಪ್ರತ್ಯೇಕ ದೇಶವಾಗಬೇಕು ಎನ್ನುವ ಸ್ಕಾಟಿಶ್ ನ್ಯಾಷನಲ್ ಪಾರ್ಟಿ) ಅಲೆಕ್ಸ್ ಸ್ಯಾಮಂಡ್‌ಗೆ 35, ಕನ್ಸರ್ವೇಟಿವ್ ಪಕ್ಷದ ಡೇವಿಡ್ ಮೆಕ್ಲೆಚಿಗೆ 17, ಪಕ್ಷೇತರ ಡೆನಿಸ್ ಕ್ಯಾನವನ್‌ಗೆ 3. ಅಧಿಕಾರ ಹಿಡಿದದ್ದು ಮೇ 17.

ರಾಜೀನಾಮೆ ಕೊಡಲೇ ಇಲ್ಲ. ಗ್ಲಾಸ್ಗೋದ ಆನೀಸ್‌ಲ್ಯಾಂಡ್ ಕ್ಷೇತ್ರಕ್ಕೆ ಲಂಡನ್ನಿನ ಸಂಸತ್ತಾದ ವೆಸ್ಟ್‌ಮಿನ್‌ಸ್ಟರ್‌ನಲ್ಲೂ ಅವರೇ, ಸ್ಕಾಟಿಶ್ ಸಂಸತ್ತಿನಲ್ಲೂ ಅವರೇ. ಆಗ ಎರಡೂ ಕಡೆ ಇರಲು ಅಡ್ಡಿ ಇರಲಿಲ್ಲ. ಹಾಗಾಗಿಯೇ ಅವರು ತೀರಿಕೊಂಡ ಮೇಲೆ 2000ದ ನವೆಂಬರ್ 23ರಂದು ಒಂದೇ ಹೆಸರಿನ ಕ್ಷೇತ್ರದಲ್ಲಿ ಒಂದೇ ದಿನ ಎರಡು ಉಪಚುನಾವಣೆ ನಡೆದವು. ಈ ಒಂದು ಸಂಗತಿ ಬರೆದರೆ ಎರಡು ಸದನ ಬೇರೆ ಬೇರೆ ಎಂಬುದು ಹುಡುಗರ ತಲೆಗೆ ತಟ್ಟನೆ ಹೋಗುತ್ತದೆ.

ಬದುಕಿನ ಎಲುಬುಗೂಡು ಇಷ್ಟು. 1937ರ ಆಗಸ್ಟ್ 21ರಂದು ಗ್ಲಾಸ್ಗೋದಲ್ಲಿ ಜನನ. ತಂದೆ ಚರ್ಮರೋಗ ತಜ್ಞ. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಮೊದಲು ಇತಿಹಾಸ, ಆಮೇಲೆ ಕಾನೂನು. ಅಲ್ಲಿನ ಚರ್ಚಾಕೂಟದಲ್ಲೇ ಮುಂದೆ ರಾಜಕೀಯದಲ್ಲಿ ಹೆಸರಾದ ಜಾನ್ ಸ್ಮಿತ್, ಕ್ಯಾಂಬೆಲ್, ಡೆರಿ ಅರ್ವಿನ್ ಜೊತೆಯಾದದ್ದು. 1966ರಲ್ಲಿ ಅಬರ್ಡೀನ್ ಸೌತ್‌ನಿಂದ ಲಂಡನ್ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಗೆ. ಅಂತರ 1,799 ಮತ. 1970ರಲ್ಲಿ ಸೋಲು. ಮುಂದಿನ ಎಂಟು ವರ್ಷ ಸದನದ ಹೊರಗೆ, ವಕೀಲಿಕೆ. ಕರಡಿನಲ್ಲಿ ಈ ಎಂಟು ವರ್ಷ ಕಾಣೆಯಾಗುವುದು ಸಾಮಾನ್ಯ. "1966ರಿಂದ ಸತತವಾಗಿ ಸಂಸದ" ಎಂದು ಬರೆದುಬಿಡುತ್ತಾರೆ. 1978ರ ಏಪ್ರಿಲ್ 13ರ ಗಾರ್ಸ್‌ಕ್ಯಾಡನ್ ಉಪಚುನಾವಣೆಯಲ್ಲಿ ಎಸ್‌ಎನ್‌ಪಿಯನ್ನು 4,552 ಮತಗಳಿಂದ ಸೋಲಿಸಿ ವಾಪಸು. ಎಸ್‌ಎನ್‌ಪಿ ಏರುತ್ತಿದ್ದ ಕಾಲ ಅದು, ಲೇಬರ್ ಪಕ್ಷಕ್ಕೆ ಉಸಿರು ಬಂದ ಗೆಲುವು. 1983ರಿಂದ 1992ರವರೆಗೆ ಸ್ಕಾಟ್ಲೆಂಡ್ ವಿಷಯದಲ್ಲಿ ವಿರೋಧಪಕ್ಷದ ಮುಖ್ಯ ವಕ್ತಾರ, 1995ರಿಂದ ಪಕ್ಷದ ಮುಖ್ಯ ಸಚೇತಕ, 1997ರ ಮೇ ತಿಂಗಳಲ್ಲಿ ಬ್ಲೇರ್ ಸಂಪುಟದಲ್ಲಿ ಸ್ಕಾಟ್ಲೆಂಡ್ ಖಾತೆ. ಅರವತ್ತು ತುಂಬುವ ಹೊತ್ತಿಗೆ ಮೊದಲ ಮಂತ್ರಿಗಿರಿ.

ಸಾವು ಹೃದಯಾಘಾತದಿಂದ ಅಲ್ಲ. 2000ದ ಮೇ ತಿಂಗಳಲ್ಲಿ ಹೃದಯದ ಕವಾಟದ ಶಸ್ತ್ರಚಿಕಿತ್ಸೆ ಆಗಿತ್ತು, ಆಗಸ್ಟಿನಲ್ಲಿ ಕೆಲಸಕ್ಕೆ ಮರಳಿದ್ದರು. ಅಕ್ಟೋಬರ್ 10ರಂದು ಅಧಿಕೃತ ನಿವಾಸ ಬ್ಯೂಟ್ ಹೌಸ್‌ನ ಹೊರಗೆ ಕಾಲು ತಪ್ಪಿ ಬಿದ್ದರು. ಮೆದುಳಿನಲ್ಲಿ ರಕ್ತಸ್ರಾವವಾಗಿ ಮರುದಿನ, 11ರಂದು ಎಡಿನ್‌ಬರೋದ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 63. ಅಧಿಕಾರದಲ್ಲಿದ್ದದ್ದು ಹದಿನೇಳು ತಿಂಗಳೂ ಪೂರ್ತಿ ಇಲ್ಲ.

---

ಕೋಡಿಬಾಗ:

1979ರ ವಾಕ್ಯ ತಿದ್ದಿ. ಜನ ಬೇಡ ಎನ್ನಲಿಲ್ಲ, ಬೇಕು ಎಂದರು. ಬಿದ್ದ ಮತಗಳಲ್ಲಿ ಶೇ. 51.6 ಪರವಾಗಿಯೇ ಇದ್ದವು. ಕೆಡಿಸಿದ್ದು ಕಾನೂನಿನೊಳಗೆ ತುರುಕಿದ ಒಂದು ಷರತ್ತು: ಒಟ್ಟು ಮತದಾರರ ಪಟ್ಟಿಯ ಶೇ. 40ರಷ್ಟು ಮಂದಿ ಹೌದು ಎನ್ನಬೇಕು. ಆ ತಿದ್ದುಪಡಿ ತಂದವರು ಜಾರ್ಜ್ ಕನಿಂಗ್‌ಹ್ಯಾಮ್, ಡ್ಯೂಅರ್ ಅವರದೇ ಲೇಬರ್ ಪಕ್ಷದ ಸಂಸದ. ಲಂಡನ್ನಿನ ಕ್ಷೇತ್ರದವರಾದರೂ ಹುಟ್ಟಿನಿಂದ ಸ್ಕಾಟ್.

ಮತ ಹಾಕದೆ ಮನೆಯಲ್ಲಿ ಕೂತವರು, ಊರು ಬಿಟ್ಟವರು ಎಲ್ಲರೂ ಈ ಲೆಕ್ಕದಲ್ಲಿ "ಬೇಡ" ಎಂದಂತೆಯೇ. ಪಟ್ಟಿಯ ಲೆಕ್ಕಕ್ಕೆ ಹೌದು ಎಂದವರು ಶೇ. 32.9 ಮಾತ್ರ ಆದರು. ಶಾಸನ ಸತ್ತುಹೋಯಿತು. ಅದೇ ವರ್ಷದ ಮಾರ್ಚ್ 28ರಂದು ಲೇಬರ್ ಪ್ರಧಾನಿ ಕ್ಯಾಲಹನ್ ಅವರ ಸರ್ಕಾರ ಅವಿಶ್ವಾಸದಲ್ಲಿ 311ಕ್ಕೆ 310, ಒಂದೇ ಮತದಿಂದ ಬಿತ್ತು, ಮುಂದೆ ಹದಿನೆಂಟು ವರ್ಷ ಕನ್ಸರ್ವೇಟಿವ್ ಆಳ್ವಿಕೆ. ಡ್ಯೂಅರ್ ಸದನಕ್ಕೆ ಮರಳಿ ಆಗಿನ್ನೂ ಒಂದು ವರ್ಷ ತುಂಬಿರಲಿಲ್ಲ.

1997ರಲ್ಲಿ ಅವರು ಕೆಲಸ ಹೇಗೆ ಕಟ್ಟಿದರು ಎಂಬುದು ಈ ಪೆಟ್ಟಿನಿಂದಲೇ ಅರ್ಥವಾಗುತ್ತದೆ. 1979ರಲ್ಲಿ ಶಾಸನ ಮೊದಲು, ಜನಮತ ಆಮೇಲೆ. ಸಂಸತ್ತಿನಲ್ಲಿ ಎಳೆದಾಡಿ ಎಲ್ಲರೂ ದಣಿದ ಮೇಲೆ ಜನರ ಮುಂದೆ ಹೋದರು. 1997ರಲ್ಲಿ ತಿರುವುಮುರುವು: ಜುಲೈ 24ಕ್ಕೆ ಸರ್ಕಾರದ ಯೋಜನೆ ಹೇಳುವ ಶ್ವೇತಪತ್ರ, ಸೆಪ್ಟೆಂಬರ್ 11ಕ್ಕೆ ಜನಮತ, ಜನರ ಮುದ್ರೆ ಬಿದ್ದ ಮೇಲೆ ಮಸೂದೆ. ಹಾಗೆ ಬಂದ ಮಸೂದೆಯನ್ನು ಕಾಮನ್ಸ್ ಸಭೆಯಲ್ಲಿ ತಡೆಯುವ ಧೈರ್ಯ ಯಾರಿಗಿದೆ? ಶೇ. 40ರ ಷರತ್ತನ್ನೂ ಇಡಲಿಲ್ಲ. 1998ರ ನವೆಂಬರ್ 19ಕ್ಕೆ ರಾಣಿಯ ಅಂಕಿತ ಬಿತ್ತು.

ಪ್ರಶ್ನೆ ಎರಡಿದ್ದವು. ಸಂಸತ್ತು ಬೇಕೇ? ಶೇ. 74.3 ಹೌದು. ಅದಕ್ಕೆ ಆದಾಯ ತೆರಿಗೆಯ ಮೂಲ ದರವನ್ನು ಪೌಂಡಿಗೆ 3 ಪೆನ್ಸ್‌ವರೆಗೆ ಏರಿಸುವ, ಇಳಿಸುವ ಅಧಿಕಾರ ಬೇಕೇ? ಶೇ. 63.5 ಹೌದು. ಮತದಾನ ಶೇ. 60.4. ಈಗ ಹುಡುಗರಿಂದ ಒಂದು ಲೆಕ್ಕ ಮಾಡಿಸಿ. 60.4ರಲ್ಲಿ ಶೇ. 74.3 ತೆಗೆದರೆ 45ಕ್ಕೆ ತುಸು ಕಡಿಮೆ. ಹಳೆಯ ಷರತ್ತು ಇದ್ದಿದ್ದರೂ ಸಂಸತ್ತು ದಾಟುತ್ತಿತ್ತು. 60.4ರಲ್ಲಿ ಶೇ. 63.5 ತೆಗೆದರೆ 38ರ ಆಸುಪಾಸು. ಅಂದರೆ ಷರತ್ತು ಇದ್ದಿದ್ದರೆ ತೆರಿಗೆಯ ಅಧಿಕಾರ ಬಿದ್ದುಹೋಗುತ್ತಿತ್ತು. ಆ 3 ಪೆನ್ಸ್ ಅಧಿಕಾರವನ್ನು ಕೊನೆಯವರೆಗೂ ಯಾವ ಸರ್ಕಾರವೂ ಬಳಸಲಿಲ್ಲ, ಅದು ಬೇರೆ ಮಾತು.

ಇನ್ನೊಂದು. "ಶಿಕ್ಷಣ, ಆರೋಗ್ಯ ಇತ್ಯಾದಿಗಳನ್ನು ಸ್ಕಾಟ್ಲೆಂಡಿಗೆ ಕೊಟ್ಟರು" ಎಂದು ಬರೆಯಬೇಡಿ. 1998ರ ಕಾಯ್ದೆಯಲ್ಲಿ ಕೊಟ್ಟದ್ದರ ಪಟ್ಟಿಯೇ ಇಲ್ಲ. ಲಂಡನ್ ತನ್ನಲ್ಲೇ ಇಟ್ಟುಕೊಂಡದ್ದರ ಪಟ್ಟಿ ಮಾತ್ರ ಇದೆ, ಐದನೇ ಪರಿಶಿಷ್ಟದಲ್ಲಿ: ರಕ್ಷಣೆ, ವಿದೇಶಾಂಗ, ಸಾಮಾಜಿಕ ಭದ್ರತೆ, ಹೀಗೆ. ಅದರಲ್ಲಿ ಇಲ್ಲದ್ದೆಲ್ಲ ಎಡಿನ್‌ಬರೋದ್ದು. 1979ರ ಜನಮತದಲ್ಲಿ ಬಿದ್ದ 1978ರ ಕಾಯ್ದೆಯಲ್ಲಿ ಕೊಡುವುದನ್ನೇ ಒಂದೊಂದಾಗಿ ಬರೆದಿದ್ದರು. ನಮ್ಮ ಸಂವಿಧಾನದ ಏಳನೇ ಅನುಸೂಚಿಯ ಮೂರು ಪಟ್ಟಿ ಓದಿದವರಿಗೆ ಈ ವ್ಯತ್ಯಾಸ ಬೇಗ ಹಿಡಿಯುತ್ತದೆ: ನಮ್ಮಲ್ಲಿ ಯಾವ ಪಟ್ಟಿಯಲ್ಲೂ ಇಲ್ಲದ್ದು ಕೇಂದ್ರಕ್ಕೆ, ಅಲ್ಲಿ ಸ್ಕಾಟ್ಲೆಂಡಿಗೆ.

---

ಎಣಿಕೆ ಮೇಜು:

"ಉದಾರತೆಯಿಂದ" ಎಂಬ ಶಬ್ದ ಮೊದಲು ಹೊಡೆಯಿರಿ. ಸದನದಲ್ಲಿ ಇರುವುದು 73 ಅಲ್ಲ, 129 ಸ್ಥಾನ. 73 ಕ್ಷೇತ್ರದ್ದು, ಉಳಿದ 56 ಪ್ರಾದೇಶಿಕ ಪಟ್ಟಿಯದ್ದು, ಎಂಟು ಪ್ರದೇಶಕ್ಕೆ ತಲಾ 7. ಬಹುಮತಕ್ಕೆ 65 ಬೇಕು. 1999ರ ಮೇ 6ರ ಫಲಿತಾಂಶ: ಲೇಬರ್ 53 ಮತ್ತು ಪಟ್ಟಿಯಿಂದ 3, ಒಟ್ಟು 56. ಎಸ್‌ಎನ್‌ಪಿ 7 ಮತ್ತು 28, ಒಟ್ಟು 35. ಕನ್ಸರ್ವೇಟಿವ್ ಒಂದು ಕ್ಷೇತ್ರವನ್ನೂ ಗೆಲ್ಲದೆ ಪಟ್ಟಿಯಿಂದಲೇ 18. ಲಿಬರಲ್ ಡೆಮಾಕ್ರಾಟ್ 12 ಮತ್ತು 5, ಒಟ್ಟು 17. ಗ್ರೀನ್, ಸ್ಕಾಟಿಶ್ ಸೋಷಲಿಸ್ಟ್, ಪಕ್ಷೇತರ ಒಬ್ಬೊಬ್ಬರು. 56ಕ್ಕೆ 17 ಕೂಡಿದರೆ 73. ಲಿಬರಲ್ ಡೆಮಾಕ್ರಾಟ್ ನಾಯಕ ಜಿಮ್ ವಾಲೆಸ್ ಡೆಪ್ಯುಟಿ ಫಸ್ಟ್ ಮಿನಿಸ್ಟರ್ ಆದದ್ದು ಈ ಕೂಡುವ ಲೆಕ್ಕದಿಂದ.

ಪಟ್ಟಿಯ ಸ್ಥಾನ ಹಂಚುವ ಕ್ರಮವನ್ನು ಒಂದು ಪ್ರದೇಶದಲ್ಲಿ ಮಾಡಿ ತೋರಿಸಿ. ಗ್ಲಾಸ್ಗೋ ಒಳ್ಳೆಯ ಉದಾಹರಣೆ, ಅಲ್ಲಿನ ಹತ್ತಕ್ಕೆ ಹತ್ತೂ ಕ್ಷೇತ್ರ ಲೇಬರ್ ಗೆದ್ದಿತ್ತು. ಮತದಾರರಿಗೆ ಎರಡು ಚೀಟಿ: ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಪಕ್ಷದ ಮತ ನೂರರ ಹತ್ತಿರಕ್ಕೆ ಸರಿಮಾಡಿದರೆ ಲೇಬರ್ 1,12,600, ಎಸ್‌ಎನ್‌ಪಿ 65,400, ಕನ್ಸರ್ವೇಟಿವ್ 20,200, ಸೋಷಲಿಸ್ಟ್ 18,600, ಲಿಬರಲ್ ಡೆಮಾಕ್ರಾಟ್ 18,500. ಪ್ರತಿ ಸುತ್ತಿನಲ್ಲೂ ಪಕ್ಷದ ಮತವನ್ನು, ಆ ಪ್ರದೇಶದಲ್ಲಿ ಅದಕ್ಕೆ ಈಗಾಗಲೇ ಸಿಕ್ಕ ಸ್ಥಾನಕ್ಕೆ ಒಂದು ಕೂಡಿಸಿದ ಸಂಖ್ಯೆಯಿಂದ ಭಾಗಿಸಿ. ದೊಡ್ಡ ಭಾಗಲಬ್ಧಕ್ಕೆ ಸ್ಥಾನ. ಏಳು ಸುತ್ತು. ಹೆಚ್ಚಿಗೆ ಹೇಳುವುದಿಲ್ಲ, ಮಾಡಿ ನೋಡಿ.

---

ಅಳ್ವೇಕೋಡಿ:

ಮಾಡಿದೆವು. ಲೇಬರ್‌ಗೆ 5, ಎಸ್‌ಎನ್‌ಪಿಗೆ 2 ಬಂತು. ಹಾಗಾದರೆ ಗ್ಲಾಸ್ಗೋದಲ್ಲಿ ಲೇಬರ್ 15 ಆಗಬೇಕಲ್ಲ, ಒಟ್ಟು 56 ಹೊಂದುವುದಿಲ್ಲ. ಎಲ್ಲಿ ತಪ್ಪಿತು?

---

ಎಣಿಕೆ ಮೇಜು:

ಲೇಬರ್ ಮತವನ್ನು 1ರಿಂದ ಭಾಗಿಸಲು ಶುರು ಮಾಡಿದ್ದೀರಿ. ಎಲ್ಲರೂ ಬೀಳುವ ಹೊಂಡ ಅದೇ. ಲೇಬರ್ ಕೈಯಲ್ಲಿ ಆಗಲೇ ಹತ್ತು ಕ್ಷೇತ್ರ ಇವೆ, ಹಾಗಾಗಿ ಮೊದಲ ಸುತ್ತಿನಲ್ಲೇ ಭಾಜಕ 11. 1,12,600ನ್ನು 11ರಿಂದ ಭಾಗಿಸಿದರೆ 10,236. ಉಳಿದವರಿಗೆ ಕ್ಷೇತ್ರವೇ ಇಲ್ಲ, ಅವರದು 1ರಿಂದ ಶುರು.

ಮೊದಲ ಸ್ಥಾನ 65,400ಕ್ಕೆ, ಎಸ್‌ಎನ್‌ಪಿ. ಅದರ ಭಾಜಕ ಈಗ 2, ಬಂದದ್ದು 32,700, ಎರಡನೆಯದೂ ಅವರಿಗೆ. ಭಾಜಕ 3, 21,800. ಕನ್ಸರ್ವೇಟಿವ್ 20,200ಕ್ಕಿಂತ ಮೇಲೆ, ಮೂರನೆಯದೂ ಅವರಿಗೇ. ಭಾಜಕ 4 ಆದಾಗ 16,350ಕ್ಕೆ ಇಳಿಯುತ್ತದೆ. ಆಗ ನಾಲ್ಕನೆಯದು ಕನ್ಸರ್ವೇಟಿವ್‌ಗೆ, ಐದನೆಯದು ಸೋಷಲಿಸ್ಟ್‌ಗೆ (ಟಾಮಿ ಶೆರಿಡನ್ ಒಳಗೆ ಬಂದದ್ದು ಹೀಗೆ), ಆರನೆಯದು ಲಿಬರಲ್ ಡೆಮಾಕ್ರಾಟ್‌ಗೆ. ಏಳನೆಯದಕ್ಕೆ ಉಳಿದವರಲ್ಲಿ ದೊಡ್ಡದು ಮತ್ತೆ ಆ 16,350. ಕೊನೆಗೆ ಎಸ್‌ಎನ್‌ಪಿ 4, ಮೂವರಿಗೆ ಒಂದೊಂದು, ಲೇಬರ್‌ಗೆ ಪಟ್ಟಿಯಿಂದ ಸೊನ್ನೆ. 10,236 ಏಳೂ ಸುತ್ತು ಹೊರಗೇ ಕೂತಿತ್ತು.

ಇದರಿಂದ ಸರಿಯಾದ ಪ್ರಮಾಣ ಬಂತು ಎಂದೂ ಬರೆಯಬೇಡಿ. ದೇಶದ ಲೆಕ್ಕದಲ್ಲಿ ಲೇಬರ್‌ಗೆ ಪಟ್ಟಿ ಮತ ಶೇ. 33.6, ಸ್ಥಾನ ಶೇ. 43. ಕ್ಷೇತ್ರ ಮಾತ್ರ ಇದ್ದಿದ್ದರೆ ಶೇ. 38.8 ಮತಕ್ಕೆ ಶೇ. 72 ಮೀರಿ ಸ್ಥಾನ ಸಿಗುತ್ತಿತ್ತು. ಪಟ್ಟಿ ಆ ಉಬ್ಬನ್ನು ಇಳಿಸಿತು, ಪೂರ್ತಿ ಸಪಾಟು ಮಾಡಲಿಲ್ಲ.

ಡ್ಯೂಅರ್ ಪಾತ್ರ ಇಲ್ಲಿ ದೊಡ್ಡದು. ತನ್ನ ಪಕ್ಷಕ್ಕೆ ಒಂಟಿ ಬಹುಮತ ಸಿಗುವುದು ಕಷ್ಟವಾಗುವಂಥ ಪದ್ಧತಿಯನ್ನೇ ಅವರು ಮಸೂದೆಯಲ್ಲಿ ಇಟ್ಟರು. 1989ರಿಂದ ಪಕ್ಷಗಳು, ಚರ್ಚುಗಳು, ಕಾರ್ಮಿಕ ಸಂಘಗಳು ಕೂತು ಮಾತಾಡಿದ ಸ್ಕಾಟಿಶ್ ಸಂವಿಧಾನ ಸಮಾವೇಶದಲ್ಲಿ ಲಿಬರಲ್ ಡೆಮಾಕ್ರಾಟರನ್ನು ಉಳಿಸಿಕೊಳ್ಳಲು ತೆತ್ತ ಬೆಲೆ ಅದು. ಒಂದೇ ಪಕ್ಷ ಇಡೀ ಸಂಸತ್ತು ನುಂಗಬಾರದು ಎಂಬ ಲೆಕ್ಕವೂ ಇತ್ತು, ಅದರಲ್ಲಿ ಮುಂದೊಂದು ದಿನ ಎಸ್‌ಎನ್‌ಪಿ ನುಂಗುವ ಹೆದರಿಕೆಯೂ ಸೇರಿತ್ತು. 2011ರಲ್ಲಿ ಅದೇ ಎಸ್‌ಎನ್‌ಪಿ 69 ಗೆದ್ದಿತು.

---

ಚಿರೆಕಲ್ಲು:

ಕಟ್ಟಡದ ವಾಕ್ಯಕ್ಕೆ ಬರುತ್ತೇನೆ. 40 ಮತ್ತು 414 ಎರಡೂ ನಿಜವಾದ ಸಂಖ್ಯೆ. ಆದರೆ ಅಕ್ಕಪಕ್ಕ ಇಟ್ಟರೆ ಓದುವವರಿಗೆ ಸುಳ್ಳು ಹೇಳಿದಂತೆ. 1997ರ ಶ್ವೇತಪತ್ರದ 10ರಿಂದ 40 ಮಿಲಿಯನ್ ಬರೆದಾಗ ಜಾಗವೂ ಗೊತ್ತಿರಲಿಲ್ಲ, ನಕ್ಷೆಯೂ ಇರಲಿಲ್ಲ. ಅಳತೆ ಇಲ್ಲದ ಮನೆಗೆ ಹಾಕಿದ ಅಂದಾಜು. ಎಲ್ಲರೂ ಎಣಿಸಿದ್ದು ಎಡಿನ್‌ಬರೋದ ಕಾಲ್ಟನ್ ಗುಡ್ಡದ ಹಳೆಯ ಶಾಲಾ ಕಟ್ಟಡ ಸಿಗುತ್ತದೆ ಎಂದು. ಡ್ಯೂಅರ್ ಅದನ್ನು ಬಿಟ್ಟು 1998ರ ಜನವರಿಯಲ್ಲಿ ಅದೇ ಊರಿನ ಹಾಲಿರೂಡ್‌ನ ಹಳೆಯ ಬಿಯರ್ ಕಾರ್ಖಾನೆಯ ಜಾಗ ಆರಿಸಿದರು. ಜುಲೈನಲ್ಲಿ ಬಾರ್ಸಿಲೋನಾದ ವಾಸ್ತುಶಿಲ್ಪಿ ಎನ್ರಿಕ್ ಮಿರಾಯೆಸ್ ಆಯ್ಕೆ.

ಹಣ ಸೋರಿದ್ದು ಮುಖ್ಯವಾಗಿ ಗುತ್ತಿಗೆಯ ಮಾದರಿಯಲ್ಲಿ. ನಮ್ಮಲ್ಲಿ ಮನೆ ಕಟ್ಟಿಸುವವರಿಗೆ ಇದು ಹೊಸತಲ್ಲ. ಒಬ್ಬರಿಗೇ ಪೂರ್ತಿ ಗುತ್ತಿಗೆ ಕೊಟ್ಟು ದರ ಕಟ್ಟಿಸಿಕೊಂಡರೆ ನಷ್ಟ ಅವರದು. ಚಿರೆಕಲ್ಲಿನವರು ಬೇರೆ, ಬಡಗಿ ಬೇರೆ, ಹಂಚಿನವರು ಬೇರೆ, ವೈರಿಂಗ್ ಬೇರೆ ಎಂದು ಮಾಲೀಕನೇ ಒಬ್ಬೊಬ್ಬರ ಜೊತೆ ಮಾತಾಡಿದರೆ ಕೆಲಸ ಬೇಗ ಶುರುವಾಗುತ್ತದೆ, ನಕ್ಷೆ ಮುಗಿಯುವುದನ್ನು ಕಾಯಬೇಕಿಲ್ಲ. ಆದರೆ ಗೋಡೆ ತಡವಾದರೆ ಬಡಗಿ ಸುಮ್ಮನೆ ಕೂತ ದಿನದ ಕೂಲಿ ಮಾಲೀಕನ ತಲೆಗೆ. ಹಾಲಿರೂಡ್‌ನಲ್ಲಿ ಹಿಡಿದದ್ದು ಈ ಎರಡನೇ ದಾರಿ, ಅಲ್ಲಿ ಅದಕ್ಕೆ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಎನ್ನುತ್ತಾರೆ. ಬೇಗ ಮುಗಿಯಲಿ ಎಂದು ಅದನ್ನು ಹಿಡಿದರು. ನಕ್ಷೆ ಬದಲಾಗುತ್ತಲೇ ಇತ್ತು, ಕಟ್ಟಡದ ವಿಸ್ತೀರ್ಣ ಬೆಳೆಯುತ್ತಲೇ ಇತ್ತು, ಪ್ರತಿ ಬದಲಾವಣೆಯ ಖರ್ಚು ಸಾರ್ವಜನಿಕ ಬೊಕ್ಕಸಕ್ಕೆ. 2004ರ ಸೆಪ್ಟೆಂಬರಿನಲ್ಲಿ ಬಂದ ಲಾರ್ಡ್ ಫ್ರೇಸರ್ ವಿಚಾರಣಾ ವರದಿ ಬೊಟ್ಟು ಮಾಡಿದ್ದು ಮುಖ್ಯವಾಗಿ ಇದರ ಮೇಲೆ. ಈ ಮಾದರಿಯ ಅಪಾಯವನ್ನು ಅಧಿಕಾರಿಗಳು ಮಂತ್ರಿಗೆ ಸರಿಯಾಗಿ ತಿಳಿಸಿರಲಿಲ್ಲ ಎಂದೂ ಅದು ಹೇಳಿತು.

ತಾರೀಕು ಗಮನಿಸಿ. 1999ರ ಜೂನ್ 1ಕ್ಕೆ ಕಟ್ಟಡದ ಹೊಣೆ ಸರ್ಕಾರದಿಂದ ಸಂಸತ್ತಿನ ಕೈಗೆ ಹೋಯಿತು. ಅದೇ ತಿಂಗಳು ಅಂದಾಜು 109 ಮಿಲಿಯನ್. 2000ದ ಏಪ್ರಿಲ್‌ನಲ್ಲಿ ಸಂಸತ್ತು 195 ಮಿಲಿಯನ್ನಿಗೆ ಮಿತಿ ಹಾಕಿತು. ಜುಲೈ 3ರಂದು ಮಿರಾಯೆಸ್ ತೀರಿಕೊಂಡರು, ಮೂರು ತಿಂಗಳಿಗೆ ಡ್ಯೂಅರ್. 195ರಿಂದ 414ಕ್ಕೆ ಹೋದದ್ದು ಇಬ್ಬರೂ ಹೋದ ಮೇಲೆ. ಜಾಗ, ವಾಸ್ತುಶಿಲ್ಪಿ, ಅವಸರ, ಇವು ಡ್ಯೂಅರ್ ಖಾತೆಗೆ, ಅದನ್ನು ಮುಚ್ಚಬೇಡಿ. ಪೂರ್ತಿ 414 ಅವರ ಖಾತೆಗೆ ಬರೆಯಬೇಡಿ. ಕಟ್ಟಡ ಉದ್ಘಾಟನೆ 2004ರ ಅಕ್ಟೋಬರ್ 9. ಡ್ಯೂಅರ್ ಆ ಸದನದಲ್ಲಿ ಒಮ್ಮೆಯೂ ಕೂತವರಲ್ಲ. ಅವರ ಕಾಲದ ಸಭೆಗಳು ಹೆಚ್ಚಾಗಿ ನಡೆದದ್ದು ಸ್ಕಾಟ್ಲೆಂಡ್ ಚರ್ಚಿನ ಸಭಾಂಗಣದಲ್ಲಿ. ಹಾಲಿರೂಡ್ ಕಟ್ಟಡದ ಚಿತ್ರದ ಕೆಳಗೆ "ಇಲ್ಲಿ ಡ್ಯೂಅರ್ ಆಡಳಿತ ನಡೆಸಿದರು" ಎಂದು ಬರೆಯುವ ತಪ್ಪು ಬಹಳ ಕಡೆ ಇದೆ.

---

ಮೂಲಗೇಣಿ:

"ಗೇಣಿ ಪದ್ಧತಿ ರದ್ದು" ಎಂದು ಬರೆದರೆ ನಮ್ಮ ಕರಾವಳಿಯವರು 1974 ಎಂದೇ ಓದುತ್ತಾರೆ: ಅರ್ಜಿ, ಭೂ ನ್ಯಾಯಮಂಡಳಿ, ಉಳುವವನಿಗೆ ಜಮೀನು. ಡ್ಯೂಅರ್ ಕಾಲದ ಕಾಯ್ದೆ ಅದಲ್ಲ. ಅದರಿಂದ ಸ್ಕಾಟ್ಲೆಂಡಿನ ಒಬ್ಬ ಗೇಣಿ ರೈತನಿಗೂ ಹೊಲ ಸಿಗಲಿಲ್ಲ.

ಅದನ್ನು ಬಿಡಿಸಿ ಹೇಳಲು ನಮ್ಮಲ್ಲೇ ಒಳ್ಳೆಯ ಶಬ್ದ ಇದೆ. ಚಾಲಗೇಣಿ ಬೇಡ, ಮೂಲಗೇಣಿ ನೆನಪಿಸಿಕೊಳ್ಳಿ. ಮೂಲಗೇಣಿಯವನು ತಲೆತಲಾಂತರಕ್ಕೆ ಅನುಭವಿಸುತ್ತಾನೆ, ಮನೆ ಕಟ್ಟುತ್ತಾನೆ, ಆದರೂ ವರ್ಷಕ್ಕೊಮ್ಮೆ ನಿಗದಿಯಾದ ಗೇಣಿ ಮೂಲದ ಒಡೆಯನಿಗೆ ಹೋಗಬೇಕು. ಸ್ಕಾಟ್ಲೆಂಡಿನ ಫ್ಯೂ ಹಿಡುವಳಿ ಅದಕ್ಕೆ ಹತ್ತಿರವಿತ್ತು. ಒಂದೇ ವ್ಯತ್ಯಾಸ, ಅಲ್ಲಿ ಅನುಭವಿಸುವವನೂ ಕಾನೂನಿನ ಪ್ರಕಾರ ಮಾಲೀಕನೇ. ಅವನ ಮೇಲೆ ಇನ್ನೊಬ್ಬ ಮೇಲೊಡೆಯ, ಅವನ ಮೇಲೆ ಮತ್ತೊಬ್ಬ, ತುದಿಯಲ್ಲಿ ರಾಜಮನೆತನ. ವಾರ್ಷಿಕ ಕಾಣಿಕೆಗೆ ಫ್ಯೂ ಡ್ಯೂಟಿ ಎಂದು ಹೆಸರಿತ್ತು.

ಹೊಸ ಫ್ಯೂ ಡ್ಯೂಟಿ ಹೇರುವುದನ್ನು 1974ರ ಒಂದು ಬ್ರಿಟಿಷ್ ಕಾಯ್ದೆಯೇ ನಿಲ್ಲಿಸಿತ್ತು. ವರ್ಷ ಕಾಕತಾಳೀಯವಾಗಿ ನಮ್ಮದೇ. ಉಳಿದ ಪೀಡೆ ಹಣದ್ದಲ್ಲ, ಷರತ್ತಿನದ್ದು. ಹಳೆಯ ಪತ್ರದಲ್ಲಿ "ಇಲ್ಲಿ ಒಂದೇ ಮನೆ", "ಅಂಗಡಿ ಕೂಡದು" ಎಂದಿದ್ದರೆ, ಹಿತ್ತಲಿಗೆ ಒಂದು ಕೋಣೆ ಸೇರಿಸಲೂ ಮೇಲೊಡೆಯನ ಒಪ್ಪಿಗೆ ಬೇಕಿತ್ತು. ಆ ಒಪ್ಪಿಗೆಗೆ ಅವನು ಹಣ ಕೇಳಬಹುದಿತ್ತು. ಕೆಲವರು ಮೇಲೊಡೆತನದ ಹಕ್ಕುಗಳನ್ನು ಹರಾಜಿನಲ್ಲಿ ಕೊಂಡು ಇದನ್ನೇ ಕಸುಬು ಮಾಡಿಕೊಂಡಿದ್ದರು.

ಹೊಸ ಸಂಸತ್ತು 2000ದಲ್ಲಿ ಊಳಿಗಮಾನ್ಯ ಹಿಡುವಳಿ ರದ್ದತಿ ಕಾಯ್ದೆ ಮಾಡಿತು. ಜೂನ್ 9ಕ್ಕೆ ಅಂಕಿತ. ಆದರೆ ಜಾರಿಗೆ ಬಂದದ್ದು 2004ರ ನವೆಂಬರ್ 28. "ಡ್ಯೂಅರ್ ಜಾರಿಗೆ ತಂದರು" ಎನ್ನುವಂತಿಲ್ಲ. ಅವರ ಸರ್ಕಾರ ಕಾಯ್ದೆ ಮಾಡಿತು ಎನ್ನಿ. ಆ ದಿನ ನಡುವಿನ ಒಡೆಯರೆಲ್ಲ ಕಾನೂನಿನಿಂದ ಅಳಿಸಿಹೋದರು, ಕೆಳಗಿದ್ದವನು ನೇರ ಮಾಲೀಕನಾದ. ಅರ್ಜಿ ಹಾಕಬೇಕಿರಲಿಲ್ಲ. ಹಳೆಯ ಒಡೆಯನಿಗೆ ಪರಿಹಾರ ಬೇಕಿದ್ದರೆ ಅವನೇ ಎರಡು ವರ್ಷದೊಳಗೆ ನೋಟಿಸು ಕೊಡಬೇಕಿತ್ತು.

ಪರಿಹಾರದ ಲೆಕ್ಕ ಚೆಂದ ಇತ್ತು. ವರ್ಷದ ಫ್ಯೂ ಡ್ಯೂಟಿಯಷ್ಟು ಬಡ್ಡಿ ಹುಟ್ಟಿಸಲು ಶೇ. 2.5ರ ಸರ್ಕಾರಿ ಕಾನ್ಸಾಲ್ ಬಾಂಡ್‌ನಲ್ಲಿ ಎಷ್ಟು ಹಣ ಹೂಡಬೇಕಿತ್ತೋ ಅಷ್ಟು, ಒಂದೇ ಸಲಕ್ಕೆ. ಉದಾಹರಣೆಗೆ ಫ್ಯೂ ಡ್ಯೂಟಿ 5 ಪೌಂಡ್. ಅಷ್ಟು ಬಡ್ಡಿಗೆ 200 ಪೌಂಡ್ ಮುಖಬೆಲೆಯ ಬಾಂಡ್ ಬೇಕು. ಬಾಂಡ್ ಪೇಟೆಯಲ್ಲಿ ಅರ್ಧ ಬೆಲೆಗೆ ಸಿಗುತ್ತಿದ್ದರೆ ಪರಿಹಾರ 100 ಪೌಂಡ್. ಮುಖಬೆಲೆ ಹಿಡಿದು 200 ಎಂದು ಬರೆದರೆ ತಪ್ಪು.

---

ಹುಲೇಕಲ್:

ಶೀರ್ಷಿಕೆಯ ಮಾತು ಉಳಿಯಿತು. "ಸ್ಕಾಟ್ಲೆಂಡಿನ ರಾಮಕೃಷ್ಣ ಹೆಗಡೆ" ಬೇಡ ಎಂದೇ ನನ್ನ ಅಭಿಪ್ರಾಯ. ಸಿದ್ದಾಪುರದ ಹೆಗಡೆಯವರು ರಾಜ್ಯದ ಕೈಯಲ್ಲಿದ್ದ ಅಧಿಕಾರವನ್ನು ಕೆಳಗೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗೆ ಇಳಿಸಿದರು. ಡ್ಯೂಅರ್ ಲಂಡನ್ನಿನಿಂದ ಎಡಿನ್‌ಬರೋಕ್ಕೆ ತಂದರು. ಎಡಿನ್‌ಬರೋದಿಂದ ಕೆಳಗಿನ ಪುರಸಭೆಗಳಿಗೆ ಅಷ್ಟೇನೂ ಇಳಿಸಲಿಲ್ಲ. ದಿಕ್ಕೇ ಬೇರೆ.

ಹೋಲಿಸಲೇಬೇಕಿದ್ದರೆ ಎರಡು ಕಡೆ ಹೋಲಿಸಿ. ಒಂದು, ಎರಡೂ ಬರೀ ಶಾಸನದ ಮೇಲೆ ನಿಂತವು, ಸಂವಿಧಾನದ ಮೇಲಲ್ಲ. 1983ರ ಕರ್ನಾಟಕದ ಕಾಯ್ದೆಯ ಜಾಗಕ್ಕೆ 1993ರಲ್ಲಿ ಬೇರೆಯೇ ಕಾಯ್ದೆ ಬಂತು. 1998ರ ಸ್ಕಾಟ್ಲೆಂಡ್ ಕಾಯ್ದೆಯ 28ನೇ ಕಲಮಿನಲ್ಲೂ, ಸ್ಕಾಟ್ಲೆಂಡಿಗೆ ಕಾನೂನು ಮಾಡುವ ಲಂಡನ್ನಿನ ಅಧಿಕಾರಕ್ಕೆ ಇದರಿಂದ ಧಕ್ಕೆ ಇಲ್ಲ ಎಂದು ಬರೆದೇ ಇಟ್ಟಿದ್ದಾರೆ. ಆ ಸಂಸತ್ತು ಶಾಶ್ವತ ಎಂಬ ಮಾತು ಶಾಸನದಲ್ಲಿ ಸೇರಿದ್ದು 2016ರಲ್ಲಿ.

ಇನ್ನೊಂದು, ಮಹಿಳೆಯರ ಸ್ಥಾನ. 1983ರ ಕಾಯ್ದೆ ಶೇ. 25 ಮೀಸಲು ಇಟ್ಟಿತು. ಸ್ಕಾಟ್ಲೆಂಡಿನಲ್ಲಿ ಕಾನೂನಿನ ಮೀಸಲಾತಿ ಇಲ್ಲ. ಲೇಬರ್ ಪಕ್ಷ ತನ್ನೊಳಗೇ ಕ್ಷೇತ್ರಗಳನ್ನು ಜೋಡಿ ಮಾಡಿತು. ಕುಮಟಾ, ಭಟ್ಕಳ ಒಂದು ಜೋಡಿ ಎಂದಿಟ್ಟುಕೊಳ್ಳಿ. ಎರಡೂ ಕಡೆಯ ಪಕ್ಷದ ಸದಸ್ಯರು ಸೇರಿ ಒಬ್ಬ ಗಂಡಸಿಗೆ, ಒಬ್ಬ ಹೆಂಗಸಿಗೆ ಮತ ಹಾಕುತ್ತಾರೆ. ಗಂಡಸರಲ್ಲಿ ಹೆಚ್ಚು ಪಡೆದವನಿಗೆ ಒಂದು ಕ್ಷೇತ್ರ, ಹೆಂಗಸರಲ್ಲಿ ಹೆಚ್ಚು ಪಡೆದವಳಿಗೆ ಇನ್ನೊಂದು. 1999ರಲ್ಲಿ ಲೇಬರ್‌ನ 56 ಜನರಲ್ಲಿ 28 ಮಂದಿ ಮಹಿಳೆಯರು, ಇಡೀ ಸದನದಲ್ಲಿ 129ಕ್ಕೆ 48. ನಿಮ್ಮ ಭಿತ್ತಿಪತ್ರಿಕೆಯ ಎರಡು ಲೇಖನ ನಿಜಕ್ಕೂ ಮಾತಾಡಿಕೊಳ್ಳುವುದು ಈ ಜಾಗದಲ್ಲಿ.

---

ಅಳ್ವೇಕೋಡಿ:

ಶೀರ್ಷಿಕೆ ತೆಗೆದೆವು. ಐದೂ ವಾಕ್ಯ ಹೊಸದಾಗಿ ಬರೆದಾಯಿತು, ಗ್ಲಾಸ್ಗೋ ಲೆಕ್ಕಕ್ಕೆ ಬಲಗಡೆ ಒಂದು ಚೌಕ ಬಿಟ್ಟಿದ್ದೇವೆ. ಚಿತ್ರಕ್ಕೆ ಗ್ಲಾಸ್ಗೋದ ಬ್ಯುಕ್ಯಾನನ್ ಬೀದಿಯ ಪ್ರತಿಮೆ ಬಿಡಿಸುತ್ತಿದ್ದಾರೆ. ಒಂದು ಫೋಟೋದಲ್ಲಿ ಕನ್ನಡಕ ಇದೆ, ಇನ್ನೊಂದರಲ್ಲಿ ಇಲ್ಲ. ಯಾವುದು ಸರಿ?

---

ಚಿರೆಕಲ್ಲು:

ಎರಡೂ ಸರಿ ಮಾರಾಯ್ರೆ. 2002ರ ಮೇ ತಿಂಗಳಲ್ಲಿ ಬ್ಲೇರ್ ಅನಾವರಣ ಮಾಡಿದಾಗ ಕನ್ನಡಕ ಇತ್ತು. ಜನ ಪದೇ ಪದೇ ಮುರಿದು ಹಾಕಿದರು. ಪ್ರತಿಮೆ ಕೈಗೆಟಕುವ ಎತ್ತರದಲ್ಲಿದ್ದದ್ದೇ ತೊಂದರೆ ಎಂದು 2005ರಲ್ಲಿ ಎತ್ತರದ ಪೀಠದ ಮೇಲೆ ಮತ್ತೆ ನಿಲ್ಲಿಸಿದರು. ಕನ್ನಡಕ ಹಾಕಿಯೇ ಬಿಡಿಸಿ. ಅದಿಲ್ಲದೆ ಅವರ ಗುರುತು ಹತ್ತುವುದಿಲ್ಲ. ಪೀಠವನ್ನೂ ಬಿಡಿಸುವುದಾದರೆ ಚಿತ್ರದ ಕೆಳಗೆ 2002 ಎಂದು ಬರೆಯಬೇಡಿ.